ಹಗ್ಗ ಕಟ್ಟಿದರೆ ಸಾಲದು, ಸ್ವಾಮಿ!

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಊರ ಮೈದಾನಗಳಿಗೆ ಕಳೆ ಬರುತ್ತದೆ. ಆಟೋಗೆ ಮೈಕು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಿಂದ ಸಂತೆಪೇಟೆಯವರೆಗೆ ಕೂಗಿಕೊಂಡು ಹೋಗುತ್ತಾರೆ. ಬೈಕು ಬೆಂಕಿಯ ಬಳೆಯೊಳಗಿಂದ ಹಾರುತ್ತದಂತೆ, ಕಾರು ಎರಡೇ ಚಕ್ರದ ಮೇಲೆ ಓಡುತ್ತದಂತೆ, ಜೀಪು ಕೆಸರಿನಲ್ಲಿ ಗುಡ್ಡ ಹತ್ತುತ್ತದಂತೆ. ಕೂಗು ಕೇಳಿದ ಮಕ್ಕಳು ಮನೆಯಲ್ಲಿ ಹಟ ಹಿಡಿಯುತ್ತಾರೆ. ಅಂಗಡಿಯವರು ಅರ್ಧ ಷಟರು ಎಳೆದು, ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಒಂದು ಗಳಿಗೆ ನೋಡಿಕೊಂಡು ಬರೋಣವೆಂದು ಹೊರಡುತ್ತಾರೆ. ಊರಿಗೆ ಹೋಗಬೇಕಾದವರು ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದರಾಯಿತೆಂದು ಚೀಲ ಹಿಡಿದುಕೊಂಡೇ ಬೇಲಿಯ ಬಳಿ ನಿಲ್ಲುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ದುಡಿಯುವ ಜನಕ್ಕೆ ವರ್ಷಕ್ಕೊಂದು ದಿನವಾದರೂ ಇಂಥ ಸಂತೋಷ ಬೇಕು. ಇಂಜಿನಿನ ಸದ್ದು, ಧೂಳು, ಶಿಳ್ಳೆ, ಚಪ್ಪಾಳೆ ಎಲ್ಲವೂ ಇರಲಿ. ತಕರಾರು ಇರುವುದು ಆಟದ ಬಗ್ಗೆ ಅಲ್ಲ, ಆಟಕ್ಕೂ ಜನಕ್ಕೂ ನಡುವೆ ಕಟ್ಟಿರುವ ಆ ಹಗ್ಗದ ಬಗ್ಗೆ. ನಾಲ್ಕು ಬಿದಿರು ಗಳ ನೆಟ್ಟು, ಅದಕ್ಕೊಂದು ತೆಂಗಿನ ನಾರಿನ ಹಗ್ಗ ಸುತ್ತಿ, ಅಲ್ಲಲ್ಲಿ ಕೆಂಪು ಬಟ್ಟೆಯ ಚೂರು ಕಟ್ಟಿದರೆ ಬಂದೋಬಸ್ತು ಮುಗಿಯಿತು ಎಂಬ ಭಾವನೆ ಎಲ್ಲ ಕಡೆಯೂ ಇದೆ. ಯಾರಾದರೂ ಕೇಳಿದರೆ ಸಂಘಟಕರ ಬಾಯಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: "ಏನೂ ಆಗಲ್ಲ ಬಿಡ್ರೀ!"

ಹಾಗೆ ಹೇಳಿದ ಊರುಗಳಲ್ಲೇ ಆಗಿದೆ. ದೊಡ್ಡ ದೊಡ್ಡ ದೇಶಗಳಲ್ಲಿ ಆಗಿದೆ, ಬಗಲಿನ ದೇಶದಲ್ಲೂ ಆಗಿದೆ.

ಬೈಕು ಹಾರಿಸುವ ಸವಾರನಿಗೆ ತನ್ನ ಕಸುಬಿನ ಅಪಾಯ ಗೊತ್ತಿರುತ್ತದೆ. ಅದಕ್ಕೆ ಅವನು ಕೂಲಿ ಪಡೆಯುತ್ತಾನೆ, ಅಭ್ಯಾಸ ಮಾಡಿರುತ್ತಾನೆ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡಿರುತ್ತಾನೆ. ಹಗ್ಗದಾಚೆ ನಿಂತವನ ಪಾಡು ಹಾಗಲ್ಲ. ಅವನು ಅಪಾಯವನ್ನು ನೋಡಲು ಬಂದವನೇ ಹೊರತು ಅದರಲ್ಲಿ ಪಾಲು ಕೇಳಲು ಬಂದವನಲ್ಲ. ತಾನು ನಿಂತ ಜಾಗವನ್ನು ಯಾರೋ ತಿಳಿದವರು ಅಳೆದು ನೋಡಿದ್ದಾರೆ ಎಂಬ ನಂಬಿಕೆಯ ಮೇಲೆ ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿರುತ್ತಾನೆ. ಆ 'ಯಾರೋ' ಎಂಬುವರು ಯಾರು? ಅವರು ನಿಜವಾಗಿ ಅಳೆದಿದ್ದಾರೆಯೇ? ಪ್ರಶ್ನೆ ಇಷ್ಟೇ.

ಸಣ್ಣ ಊರಿನ ದೊಡ್ಡ ಪಾಠ

ನೆದರ್ಲೆಂಡ್ಸ್ ದೇಶದಲ್ಲಿ ಹಾಕ್ಸ್‌ಬರ್ಗನ್ ಎಂಬ ಊರಿದೆ. ಜನಸಂಖ್ಯೆ ಸುಮಾರು 24 ಸಾವಿರ. ಅಂದರೆ ಇಲ್ಲಿನ ಒಂದು ತಾಲ್ಲೂಕು ಕೇಂದ್ರದಷ್ಟು. 2014ರ ಸೆಪ್ಟೆಂಬರ್ 28, ಭಾನುವಾರ. ಊರ ನಡುವಿನ ಕಾರು ನಿಲ್ದಾಣದಲ್ಲೇ ಮೋಟಾರು ಪ್ರದರ್ಶನ ಏರ್ಪಾಡಾಗಿತ್ತು. ಟಿಕೆಟ್ಟಿಲ್ಲ, ಪುಕ್ಕಟೆ. ಆಳೆತ್ತರದ ಚಕ್ರಗಳ ಮೇಲೆ ನಿಂತ 'ಮಾನ್‌ಸ್ಟರ್ ಟ್ರಕ್' ಎಂಬ ದೈತ್ಯ ವಾಹನ ಸಾಲಾಗಿ ನಿಲ್ಲಿಸಿದ ಹಳೆಯ ಕಾರುಗಳನ್ನು ತುಳಿದುಕೊಂಡು ಹೋಗುವುದೇ ಅಂದಿನ ದೊಡ್ಡ ಆಕರ್ಷಣೆ. ಇಂಥ ಟ್ರಕ್ಕುಗಳ ತೂಕ ಸಾಮಾನ್ಯವಾಗಿ ಐದು ಟನ್ನಿನ ಆಸುಪಾಸು.

ಟ್ರಕ್ಕು ಕಾರುಗಳನ್ನು ತುಳಿಯಿತು. ಜನ ಕೇಕೆ ಹಾಕಿದರು. ಆದರೆ ಆಚೆ ಬದಿಗೆ ಇಳಿದ ಟ್ರಕ್ಕು ನಿಲ್ಲಲಿಲ್ಲ. ನೇರವಾಗಿ ನೋಡುತ್ತ ನಿಂತಿದ್ದವರ ಮೇಲೆಯೇ ನುಗ್ಗಿತು. ಮೂವರು ಸತ್ತರು, ಅವರಲ್ಲಿ ಒಂದು ಮಗು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ಆ ದೇಶದ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಚಾಲಕನ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಆದರೆ ಮಂಡಳಿ ಚಾಲಕನೊಬ್ಬನ ತಲೆಗೆ ಎಲ್ಲವನ್ನೂ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಚಾಲಕನದೂ ತಪ್ಪು, ಸಂಘಟಕರದೂ ತಪ್ಪು, ಪರವಾನಗಿ ಕೊಟ್ಟ ಪುರಸಭೆಯದೂ ತಪ್ಪು ಎಂದು ಬರೆಯಿತು. ಜನ ನಿಂತ ಜಾಗಕ್ಕೂ ಟ್ರಕ್ಕು ಓಡುವ ಜಾಗಕ್ಕೂ ಇದ್ದ ಅಂತರ ಸಾಲದಾಗಿತ್ತು. ಅಪಾಯವೇನು ಎಂದು ಪುರಸಭೆ ಸರಿಯಾಗಿ ತೂಗಿ ನೋಡಿರಲಿಲ್ಲ. 2015ರಲ್ಲಿ ಈ ವರದಿ ಹೊರಬಿದ್ದ ಮೇಲೆ ಊರಿನ ಮೇಯರು ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಅಲ್ಲಿ ಪರವಾನಗಿ ಇಲ್ಲದೆ ಆಟ ನಡೆದಿರಲಿಲ್ಲ ಎಂಬುದನ್ನು ಗಮನಿಸಬೇಕು. ಅರ್ಜಿ ಬಂದಿತ್ತು, ಮೊಹರು ಬಿದ್ದಿತ್ತು, ಕಾಗದ ಸರಿಯಾಗಿತ್ತು. ಕೆಟ್ಟಿದ್ದು ಮೈದಾನದಲ್ಲಿ. ಟ್ರಕ್ಕು ನಿಲ್ಲದಿದ್ದರೆ ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ, ಅಲ್ಲಿ ಜನರನ್ನು ನಿಲ್ಲಿಸದೆ ಇದ್ದಿದ್ದರೆ ಆ ಮೂವರು ಸಂಜೆ ಮನೆಗೆ ಹೋಗುತ್ತಿದ್ದರು.

ಇದಕ್ಕೆ ಒಂದು ವರ್ಷ ಮೊದಲು, 2013ರ ಅಕ್ಟೋಬರ್ 5ರಂದು, ಮೆಕ್ಸಿಕೋ ದೇಶದ ಚಿವಾವಾ ಎಂಬಲ್ಲಿ ಇಂಥದೇ ಟ್ರಕ್ಕು ಇದೇ ರೀತಿ ಕಾರುಗಳನ್ನು ತುಳಿದು ಜನರ ಮೇಲೆ ಹೋಗಿತ್ತು. ಕನಿಷ್ಠ ಎಂಟು ಜನ ಪ್ರಾಣ ಬಿಟ್ಟರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಆ ಸುದ್ದಿ ಜಗತ್ತಿಗೆಲ್ಲ ಮುಟ್ಟಿತ್ತು. ಆದರೂ ಒಂದು ವರ್ಷದೊಳಗೆ ಇನ್ನೊಂದು ಊರು ಅದೇ ಗುಂಡಿಗೆ ಬಿತ್ತು. ಬೇರೆಯವರ ಊರಲ್ಲಿ ಆದದ್ದು ತನ್ನ ಊರಲ್ಲಿ ಆಗುವುದಿಲ್ಲ ಎಂದುಕೊಳ್ಳುವುದು ಎಲ್ಲ ದೇಶದ ಜನರ ಚಾಳಿ.

ಪಕ್ಕದ ಲಂಕೆಯಲ್ಲಿ

ಅವೆಲ್ಲ ದೂರದ ಮಾತು ಎನ್ನುವವರು ಶ್ರೀಲಂಕೆಯ ಕಡೆ ನೋಡಬಹುದು. 2024ರ ಏಪ್ರಿಲ್ 21, ಅದೂ ಭಾನುವಾರವೇ. ಬೆಟ್ಟದ ನಾಡಿನ ದಿಯತಲಾವ ಎಂಬಲ್ಲಿ 'ಫಾಕ್ಸ್ ಹಿಲ್' ಮೋಟಾರು ಪಂದ್ಯ. ಅಲ್ಲಿನ ಹೊಸ ವರ್ಷದ ಹಬ್ಬ ಈಗಷ್ಟೇ ಮುಗಿದಿತ್ತು. ಕೆಲವು ವರ್ಷ ನಿಂತುಹೋಗಿದ್ದ ಪಂದ್ಯ ಮತ್ತೆ ಶುರುವಾಗಿದ್ದರಿಂದ ಜನ ಸಾವಿರಗಟ್ಟಲೆ ಸೇರಿದ್ದರು. ನಡೆಸುತ್ತಿದ್ದವರು ಬೀದಿಬದಿಯ ಸಂಘದವರಲ್ಲ, ಆ ದೇಶದ ಸೈನ್ಯ ಮತ್ತು ಮೋಟಾರು ಕ್ರೀಡಾ ಸಂಸ್ಥೆ.

ಓಟದಲ್ಲಿ ಒಂದು ಕಾರು ಮಗುಚಿಕೊಂಡಿತು. ನಿಧಾನಿಸಿ ಎಂದು ಹಿಂದೆ ಬರುವವರಿಗೆ ಮೈದಾನದ ಸಹಾಯಕರು ಹಳದಿ ಬಾವುಟ ಬೀಸುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಕಾರು ಹಾದಿ ಬಿಟ್ಟು, ಅಂಚಿನಲ್ಲಿದ್ದ ಸಹಾಯಕರ ಮೇಲೂ ನೋಡುತ್ತಿದ್ದ ಜನರ ಮೇಲೂ ಹರಿಯಿತು. ಏಳು ಜನ ಸತ್ತರು. ಎಂಟು ವರ್ಷದ ಒಂದು ಹೆಣ್ಣು ಮಗುವೂ ಅವರಲ್ಲಿತ್ತು. ಬಾವುಟ ಹಿಡಿದು ದುಡಿಯುತ್ತಿದ್ದವರೂ ಇದ್ದರು.

ಬಾವುಟ ಇತ್ತು, ಸಹಾಯಕರು ಇದ್ದರು, ಸೈನ್ಯವೇ ಇತ್ತು. ಇಲ್ಲದ್ದು ಯಾವುದು? ಹಾದಿ ತಪ್ಪಿದ ಕಾರನ್ನು ತಡೆಯುವಂಥ ಗಟ್ಟಿ ತಡೆಯೋ, ಅದು ತಾನಾಗಿ ನಿಲ್ಲುವಷ್ಟು ಖಾಲಿ ನೆಲವೋ ಆ ಜಾಗದಲ್ಲಿ ಜನಕ್ಕೂ ಕಾರಿಗೂ ನಡುವೆ ಇರಲಿಲ್ಲ. ಎಚ್ಚರಿಕೆ ಬಾವುಟ ಚಾಲಕನ ಕಣ್ಣಿಗೆ ಹೇಳುತ್ತದೆ. ಹತೋಟಿ ತಪ್ಪಿದ ಕಾರಿಗೆ ಕಣ್ಣಿಲ್ಲ.

ಕಣ್ಣು ಮಿಟುಕಿಸುವಷ್ಟರಲ್ಲಿ

"ಬಂದ್ರೆ ಹಾರ್ಕೊಂಡು ಪಕ್ಕಕ್ಕೆ ಹೋಗ್ತೀವಿ ಬಿಡಿ ಸಾರ್" ಎನ್ನುವ ಹುಡುಗರು ಎಲ್ಲ ಊರಿನಲ್ಲೂ ಇದ್ದಾರೆ. ಅವರು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಗಂಟೆಗೆ 60 ಕಿಲೋಮೀಟರು ಎಂದರೆ ಹೆದ್ದಾರಿಯಲ್ಲಿ ಬಸ್ಸು ಹೋಗುವ ವೇಗ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 55 ಅಡಿ ಮುಂದೆ ಬಂದಿರುತ್ತದೆ. ಹಗ್ಗ ಇರುವುದು 15 ಅಡಿ ದೂರದಲ್ಲಾದರೆ ನಿಂತವನಿಗೆ ಸಿಗುವ ಸಮಯ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲಿ 'ಅಯ್ಯೋ' ಎನ್ನಲೂ ಆಗುವುದಿಲ್ಲ. ಹಿಂದೆ ಹತ್ತು ಸಾಲು ಜನ ಒತ್ತಿಕೊಂಡು ನಿಂತಿರುವಾಗ ಹಾರುವುದಾದರೂ ಎಲ್ಲಿಗೆ?

ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾಗುವ ದೂರ ಇಮ್ಮಡಿಯಲ್ಲ, ಸುಮಾರು ನಾಲ್ಕು ಪಟ್ಟು ಆಗುತ್ತದೆ. ಅದೂ ಬ್ರೇಕು ಹಿಡಿದರೆ. ಮೈದಾನದ ಸಡಿಲು ಮಣ್ಣು, ಒಣ ಹುಲ್ಲು, ನೀರು ಚಿಮುಕಿಸಿದ ಕೆಸರಿನ ಮೇಲೆ ಟಾರು ರಸ್ತೆಯ ಲೆಕ್ಕವೂ ನಡೆಯುವುದಿಲ್ಲ. ಇನ್ನು ಗಾಳಿಯಲ್ಲಿ ಹಾರಿದ ಗಾಡಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಚಕ್ರ ನೆಲಕ್ಕೆ ತಾಗುವ ತನಕ ಚಾಲಕನೂ ಒಬ್ಬ ಪ್ರೇಕ್ಷಕನೇ.

ತಿರುವಿನಲ್ಲಿ ಜಾರಿದ ಗಾಡಿ ತಿರುವಿನ ಒಳಕ್ಕೆ ಬೀಳುವುದು ಕಡಿಮೆ. ಬಂದ ದಿಕ್ಕಿನಲ್ಲೇ ಹೊರಕ್ಕೆ ಹೋಗುತ್ತದೆ. ಆದ್ದರಿಂದ ತಿರುವಿನ ಹೊರಮಗ್ಗುಲು ಮತ್ತು ಹಾರುವ ದಿಬ್ಬದ ನೇರ ಎದುರು ಅತಿ ಕೆಟ್ಟ ಜಾಗಗಳು. ದುರದೃಷ್ಟವೆಂದರೆ, ಆಟ ಚೆನ್ನಾಗಿ ಕಾಣುವುದೂ ಅಲ್ಲಿಂದಲೇ. ಹಾಗಾಗಿ ಜನ ಸೇರುವುದೂ ಅಲ್ಲೇ.

ಇಡೀ ಗಾಡಿಯೇ ಬರಬೇಕೆಂದಿಲ್ಲ, ಒಂದು ತುಂಡು ಬಂದರೂ ಸಾಕು. ಅಮೆರಿಕದ ಟಕೋಮ ನಗರದಲ್ಲಿ 2009ರ ಜನವರಿ 16ರಂದು ಮಾನ್‌ಸ್ಟರ್ ಟ್ರಕ್ಕಿನ ಆಟ ನೋಡುತ್ತಿದ್ದ ಆರು ವರ್ಷದ ಬಾಲಕನೊಬ್ಬ ಟ್ರಕ್ಕಿನಿಂದ ಕಳಚಿ ಸಿಡಿದ ಲೋಹದ ತುಂಡು ಬಡಿದು ಸತ್ತ. ಅವನು ಹಗ್ಗದ ಬಳಿ ನಿಂತಿರಲಿಲ್ಲ, ಒಳಾಂಗಣ ಕ್ರೀಡಾಂಗಣದ ಆಸನಗಳಲ್ಲಿದ್ದ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 2001ರ ಮಾರ್ಚ್ 4ರಂದು ನಡೆದ ಫಾರ್ಮುಲಾ ಒನ್ ಪಂದ್ಯದಲ್ಲಿ ಎರಡು ಕಾರು ಡಿಕ್ಕಿಯಾದಾಗ ಕಳಚಿದ ಚಕ್ರ ಬೇಲಿಯ ಸಂದಿಯೊಳಗೆ ತೂರಿ ಬಂದು ಸ್ವಯಂಸೇವಕನೊಬ್ಬನನ್ನು ಕೊಂದಿತು. ಕೋಟಿಗಟ್ಟಲೆ ಸುರಿದು ಕಟ್ಟಿದ ಹಾದಿ ಅದು. ಕೆಲಸದವರು ಹಾದು ಹೋಗಲೆಂದು ಬಿಟ್ಟಿದ್ದ ಒಂದು ಕಿರಿದಾದ ಸಂದಿ ಸಾಕಾಯಿತು.

ಇವೆಲ್ಲಕ್ಕೂ ಹಿರಿಯ ದುರಂತ ಫ್ರಾನ್ಸಿನ ಲೆ ಮಾನ್ಸ್‌ನದು. 1955ರ ಜೂನ್ 11ರ ಸಂಜೆ ಅಲ್ಲಿನ 24 ಗಂಟೆಗಳ ಪಂದ್ಯದಲ್ಲಿ ಒಂದು ಮರ್ಸಿಡಿಸ್ ಕಾರು ಮುಂದಿನ ಕಾರಿಗೆ ತಾಗಿ ಮೇಲೆದ್ದಿತು, ಬದಿಯ ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿ ಚೂರಾಯಿತು. ಇಂಜಿನು, ಮುಂದಿನ ಅಚ್ಚು, ಬಾನೆಟ್ಟು ಜನರ ನಡುವೆ ತೂರಿ ಹೋದವು. ಚಾಲಕನೂ ಎಂಬತ್ತಕ್ಕಿಂತ ಹೆಚ್ಚು ಪ್ರೇಕ್ಷಕರೂ ಸತ್ತರು. ಮೋಟಾರು ಪಂದ್ಯಗಳ ಚರಿತ್ರೆಯಲ್ಲೇ ಇದಕ್ಕಿಂತ ದೊಡ್ಡ ಸಾವು ಆಗಿಲ್ಲ. ಆ ಪಂದ್ಯ ಶುರುವಾದದ್ದು 1923ರಲ್ಲಿ. ಮೂವತ್ತೆರಡು ವರ್ಷಗಳಲ್ಲಿ ಕಾರುಗಳ ವೇಗ ಗಂಟೆಗೆ 250 ಕಿಲೋಮೀಟರು ದಾಟಿತ್ತು. ಜನ ಮಾತ್ರ ಹಳೆಯ ಕಾಲದ ದಿಬ್ಬದ ಹಿಂದೆಯೇ ನಿಂತಿದ್ದರು. ದುರಂತದ ಮೇಲೆ ಆ ಭಾಗದ ಹಾದಿಯನ್ನೂ ಪ್ರೇಕ್ಷಕರ ಅಟ್ಟಣೆಯನ್ನೂ ಕೆಡವಿ ಹೊಸದಾಗಿ ಕಟ್ಟಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಜನರದೇ ತಪ್ಪೇ?

ಅಪಘಾತವಾದ ಮರುದಿನ ಕೇಳಿಬರುವ ಮಾತು ಇನ್ನೊಂದಿದೆ. "ಜನ ಮುಂದೆ ಮುಂದೆ ಬಂದ್ರು ಸಾರ್, ನಾವೇನ್ ಮಾಡಾಣ?" ಎನ್ನುತ್ತಾರೆ. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ, ಅವನು ಎದ್ದು ಬಂದು ಉತ್ತರ ಕೊಡುವುದಿಲ್ಲ.

ಜನ ಮುಂದೆ ಬರುತ್ತಾರೆ ಎಂಬುದು ನಿಜ. 1986ರ ಮಾರ್ಚಿನಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ರಸ್ತೆಯ ಮೇಲೇ ನಿಂತು, ಕಾರು ಬಂದಾಗ ಕೊನೆ ಗಳಿಗೆಯಲ್ಲಿ ಸರಿದುಕೊಳ್ಳುತ್ತಿದ್ದರು. ಕಾರನ್ನು ಕೈಯಿಂದ ಮುಟ್ಟುವುದೇ ಶೌರ್ಯವೆಂದು ತಿಳಿದಿದ್ದರು. ಒಂದು ಕಾರು ಅವರ ನಡುವೆ ನುಗ್ಗಿ ಮೂವರನ್ನು ಕೊಂದು, ಮೂವತ್ತಕ್ಕಿಂತ ಹೆಚ್ಚು ಮಂದಿಯನ್ನು ಗಾಯಗೊಳಿಸಿತು. ಹೆಸರಾಂತ ಚಾಲಕರು ಒಟ್ಟಾಗಿ ಆ ಪಂದ್ಯದಿಂದ ಹಿಂದೆ ಸರಿದರು. ಮೇ ತಿಂಗಳಲ್ಲಿ ಕೋರ್ಸಿಕಾದಲ್ಲಿ ಇನ್ನೊಂದು ಕಾರು ಉರುಳಿ ಚಾಲಕ, ಸಹಚಾಲಕ ಇಬ್ಬರೂ ಸತ್ತ ಮೇಲೆ 'ಗ್ರೂಪ್ ಬಿ' ಎಂಬ ಆ ಅತಿವೇಗದ ಕಾರುಗಳ ವರ್ಗವನ್ನೇ ವಿಶ್ವ ರ‍್ಯಾಲಿಯಿಂದ ತೆಗೆದುಹಾಕಿದರು.

ಅಂದಿನಿಂದ ಒಂದು ವಿವೇಕ ಬಂದಿದೆ. ದೊಡ್ಡ ರ‍್ಯಾಲಿಗಳಲ್ಲಿ ಪಂದ್ಯದ ಕಾರುಗಳಿಗೆ ಮೊದಲು ಸುರಕ್ಷತೆಯ ಕಾರುಗಳು ಹಾದಿಯುದ್ದಕ್ಕೂ ಹೋಗಿ ಜನ ಎಲ್ಲೆಲ್ಲಿ ನಿಂತಿದ್ದಾರೆಂದು ನೋಡುತ್ತವೆ. ಜನ ಸರಿಯದಿದ್ದರೆ ಆ ಹಂತದ ಓಟವನ್ನೇ ರದ್ದು ಮಾಡುತ್ತಾರೆ. ಜನ ಹಗ್ಗ ದಾಟಿದ ಕ್ಷಣ ಆಟ ನಿಲ್ಲಬೇಕು. ಹಿಂದೆ ಸರಿದ ಮೇಲೆಯೇ ಮತ್ತೆ ಶುರುವಾಗಬೇಕು. ಎರಡು ಸಲ ಹೀಗೆ ನಿಲ್ಲಿಸಿ ನೋಡಲಿ, ಮೂರನೆಯ ಸಲ ಜನರೇ ಒಬ್ಬರನ್ನೊಬ್ಬರು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆದರೆ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಮೈಕು ಹಿಡಿದವನು ಜನರನ್ನು ಹುರಿದುಂಬಿಸುತ್ತಾನೆ, ಪೋಲೀಸರು ಸಂಘಟಕರ ಮುಖ ನೋಡುತ್ತಾರೆ, ಸಂಘಟಕರು ಮುಖ್ಯ ಅತಿಥಿಗಳ ಮುಖ ನೋಡುತ್ತಾರೆ. ಈ ಮುಖ ನೋಡುವ ಕೆಲಸದಲ್ಲಿ ಮೈದಾನ ನೋಡುವವರು ಯಾರೂ ಇರುವುದಿಲ್ಲ.

ಈ ದೇಶದ ಮಾತು

ಭಾರತದಲ್ಲಿ ಮೋಟಾರು ಕ್ರೀಡೆ ಹೊಸದಲ್ಲ, ಅದರ ಸಾವೂ ಹೊಸದಲ್ಲ. 2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದಾಗ, ಪಂದ್ಯಕ್ಕೆಂದು ಮುಚ್ಚಿದ್ದ ರಸ್ತೆಗೆ ಬೈಕಿನಲ್ಲಿ ಬಂದ ಗಂಡ, ಹೆಂಡತಿ, ಮಗ ಮೂವರೂ ರ‍್ಯಾಲಿ ಕಾರು ಬಡಿದು ಸತ್ತರು. ಅವರು ಆಟ ನೋಡಲು ಬಂದವರೂ ಅಲ್ಲ. ಹಳ್ಳಿಯ ರಸ್ತೆ ಹಳ್ಳಿಯವರದು. ದಿನಾ ಓಡಾಡುವ ದಾರಿ ಇವತ್ತು ಮುಚ್ಚಿದೆ ಎಂದು ಊರೂರಿಗೆ ಡಂಗುರ ಹೊಡೆಸಿ, ಒಂದೊಂದು ಕಾಲುದಾರಿಯ ಬಾಯಿಗೂ ಒಬ್ಬೊಬ್ಬ ಆಳನ್ನು ನಿಲ್ಲಿಸದೆ ಬರೀ ಪಟ್ಟಿ ಕಟ್ಟಿದರೆ ಆ ಮುಚ್ಚುವಿಕೆಗೆ ಅರ್ಥವಿಲ್ಲ. ಕಾಫಿ ತೋಟದ ಹಾದಿಗಳಲ್ಲಿ, ಮಲೆನಾಡಿನ ಮಣ್ಣು ರಸ್ತೆಗಳಲ್ಲಿ ರ‍್ಯಾಲಿ ಕಂಡಿರುವ ಕರ್ನಾಟಕದ ಜಿಲ್ಲೆಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ರೇಸು ಮೈದಾನದಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಬೈಕು ಪಂದ್ಯದಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಅದು ಮಾನ್ಯತೆ ಪಡೆದ ಹಾದಿ, ರಾಷ್ಟ್ರೀಯ ಮಟ್ಟದ ಪಂದ್ಯ. ಅಂಥ ಕಡೆಯೇ ಒಂದು ಎಳೆಯ ಜೀವವನ್ನು ಉಳಿಸಲಾಗಲಿಲ್ಲ. ಹಾಗಿರುವಾಗ ಆಂಬುಲೆನ್ಸು ಬರಬೇಕಾದರೆ ಜಾತ್ರೆಯ ರಥಬೀದಿಯನ್ನೇ ದಾಟಿ ಬರಬೇಕಾದ ಮೈದಾನಗಳಲ್ಲಿ ಏನು ಗತಿ?

ಕಾನೂನು ಏನೂ ಹೇಳುವುದಿಲ್ಲ ಎಂದಲ್ಲ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನಗಳ ರೇಸು ಅಥವಾ ವೇಗದ ಪಂದ್ಯಕ್ಕೆ ಎಡೆ ಕೊಡುವುದೂ ಅದರಲ್ಲಿ ಭಾಗವಹಿಸುವುದೂ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರದವರೆಗೆ ದಂಡ ಅಥವಾ ಎರಡೂ. ನಿರ್ಲಕ್ಷ್ಯದಿಂದ ಇನ್ನೊಬ್ಬರ ಸಾವಿಗೆ ಕಾರಣರಾದವರಿಗೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆ ಇದೆ. ಇದು ರೇಸಲ್ಲ, ಬರೀ ಸರ್ಕಸ್ಸು ಎಂದು ಸಂಘಟಕರು ವಾದ ಮಾಡಬಹುದು. ಹೆಸರು ಏನೇ ಇಡಲಿ, ಗಾಡಿ ಅದೇ, ಜನ ಅದೇ, ಹಗ್ಗವೂ ಅದೇ.

ಆದರೆ ಈ ಕಲಮುಗಳೆಲ್ಲ ಹೆಣ ಬಿದ್ದ ಮೇಲೆ ಎದ್ದು ಕೂರುವಂಥವು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತ ಮೇಲೆ, ಪರವಾನಗಿ ಯಾರು ಕೇಳಿದರು, ಯಾರು ಕೊಟ್ಟರು ಎಂಬ ಚರ್ಚೆ ರಾಜ್ಯವೆಲ್ಲ ನಡೆಯಿತು. ಅಲ್ಲಿ ಮೋಟಾರು ಇರಲಿಲ್ಲ, ಬರೀ ಜನ. ಜನದ ಜೊತೆಗೆ ಇಂಜಿನೂ ಸೇರುವ ಕಡೆ ಆ ಚರ್ಚೆ ಸಾವಿಗೆ ಮೊದಲೇ ಆಗುವುದು ಒಳ್ಳೆಯದಲ್ಲವೇ?

ಮರಣಬಾವಿಯ ಅಟ್ಟಣೆ

ಜಾತ್ರೆಯ ಮರಣಬಾವಿಯನ್ನು ಇಲ್ಲಿ ಮರೆಯುವಂತಿಲ್ಲ. ಮರದ ಹಲಗೆಗಳನ್ನು ಬೋಲ್ಟು ಹಾಕಿ ಜೋಡಿಸಿದ ದೊಡ್ಡ ಬಾವಿ. ಒಳಗೆ ಬೈಕು, ಕಾರು ನೆಟ್ಟಗಿನ ಗೋಡೆಯ ಮೇಲೆ ಸುತ್ತುತ್ತವೆ. ಅವನ್ನು ಗೋಡೆಗೆ ಒತ್ತಿ ಹಿಡಿಯುವುದು ವೇಗ, ಜಾರದಂತೆ ಹಿಡಿಯುವುದು ಟೈರಿನ ಹಿಡಿತ. ವೇಗ ಕುಗ್ಗಿದರೂ, ಟೈರು ಒಡೆದರೂ, ಹಲಗೆ ಸಡಿಲಾದರೂ ಕೆಳಗೆ ಬೀಳುವುದೇ. ಜನ ಮೇಲಿನ ಅಟ್ಟಣೆಯಲ್ಲಿ ನಿಂತು ಬಗ್ಗಿ ಹತ್ತು ರೂಪಾಯಿ, ಐವತ್ತು ರೂಪಾಯಿ ನೋಟು ಚಾಚುತ್ತಾರೆ. ಸವಾರ ಹ್ಯಾಂಡಲು ಬಿಟ್ಟು ಮೇಲಿನ ಅಂಚಿನ ತನಕ ಬಂದು ಅದನ್ನು ಕಿತ್ತುಕೊಂಡು ಹೋಗುತ್ತಾನೆ. ಆ ನೋಟು ಅವನ ಮೇಲುಸಂಪಾದನೆ. ಅದಕ್ಕೇ ಅವನು ಅಂಚಿಗೆ ಬರುತ್ತಾನೆ. ನೋಟು ಚಾಚಿದವನು ಅವನನ್ನೂ ತನ್ನನ್ನೂ ಒಂದೇ ಸಲಕ್ಕೆ ಅಪಾಯಕ್ಕೆ ಕರೆಯುತ್ತಾನೆ.

ಈ ಬಾವಿ ಒಂದು ಜಾತ್ರೆಯಲ್ಲಿ ಬಿಚ್ಚಿ, ಲಾರಿಗೆ ಹೇರಿ, ಇನ್ನೊಂದು ಜಾತ್ರೆಯಲ್ಲಿ ಮತ್ತೆ ಕಟ್ಟುವಂಥದು. ಹಾಗಾಗಿ ಹಿಂದಿನ ಊರಿನಲ್ಲಿ ಪಡೆದ ಸರ್ಟಿಫಿಕೇಟು ಈ ಊರಿನ ಬಾವಿಗೆ ಸಾಕ್ಷಿಯಲ್ಲ. ಕಟ್ಟಿದ ಪ್ರತಿ ಸಲವೂ ಇಂಜಿನಿಯರೊಬ್ಬರು ಹತ್ತಿ, ಹಲಗೆ ತಟ್ಟಿ, ಬೋಲ್ಟು ತಿರುಗಿಸಿ ನೋಡಬೇಕು. ಅಟ್ಟಣೆ ಎಷ್ಟು ಜನರ ಭಾರ ತಾಳುತ್ತದೆ ಎಂದು ಬರೆದು ಬಾಗಿಲಿಗೆ ಹಾಕಬೇಕು. ಅಷ್ಟೇ ಜನರನ್ನು ಹತ್ತಿಸಬೇಕು. ಒಳಗೆ ಸುತ್ತುವ ಹುಡುಗರು ಮತ್ತು ಹುಡುಗಿಯರಿಗೆ ಹೆಲ್ಮೆಟ್ಟು, ವಿಮೆ ಎರಡೂ ಇರಬೇಕು. ಊರೂರು ಅಲೆದು ಹೊಟ್ಟೆ ಹೊರೆಯುವ ಆ ಕಲಾವಿದರ ಕಾಲು ಮುರಿದರೆ ಜಾತ್ರೆ ಮುಗಿದ ಮೇಲೆ ಕೇಳುವವರು ಯಾರೂ ಇರುವುದಿಲ್ಲ.

ನಿಲ್ಲಿಸಿಬಿಡಬೇಕೇ?

ಹಾಗಾದರೆ ಎಲ್ಲವನ್ನೂ ನಿಷೇಧ ಮಾಡಿಬಿಡಿ ಎನ್ನುವವರಿದ್ದಾರೆ. ಲೆ ಮಾನ್ಸ್ ದುರಂತದ ಮೇಲೆ ಸ್ವಿಟ್ಜರ್ಲೆಂಡ್ ದೇಶ ಹಾಗೆಯೇ ಮಾಡಿತು. ಸುತ್ತುಹಾದಿಯ ಕಾರು ರೇಸುಗಳನ್ನು ನಿಷೇಧಿಸಿ ದಶಕಗಳ ಕಾಲ ಅದನ್ನು ಬಿಗಿಯಾಗಿ ಹಿಡಿದುಕೊಂಡಿತು. ಆದರೆ ಉಳಿದ ದೇಶಗಳು ಆಟ ಉಳಿಸಿಕೊಂಡು ಜನರನ್ನು ಹಿಂದೆ ಸರಿಸಿದವು. ಕಾಂಕ್ರೀಟು ಗೋಡೆ, ಟೈರಿನ ರಾಶಿ, ಜಲ್ಲಿಯ ಹಾಸು, ಎತ್ತರದ ಉಕ್ಕಿನ ಜಾಲರಿ ಬಂದವು. ಅಮೆರಿಕದ ಮಾನ್‌ಸ್ಟರ್ ಟ್ರಕ್ಕುಗಳಲ್ಲಿ ಮೈದಾನದ ಬದಿಯಲ್ಲಿ ನಿಂತ ಅಧಿಕಾರಿ ದೂರದಿಂದಲೇ ಇಂಜಿನು ಆರಿಸುವ ಸಾಧನವೂ ಬಂದಿತು. ಆಟ ನಿಂತಿಲ್ಲ.

ಇಲ್ಲಿಯೂ ನಿಷೇಧ ಎಂದರೆ ಏನಾಗುತ್ತದೆ? ಮೈದಾನದಲ್ಲಿ ಪೋಲೀಸರ ಕಣ್ಣೆದುರು ನಡೆಯುವ ಆಟ ರಾತ್ರಿ ಹೊತ್ತು ಬೈಪಾಸ್ ರಸ್ತೆಗೆ ಹೋಗುತ್ತದೆ. ವ್ಹೀಲಿಂಗ್ ಹುಚ್ಚಿನ ಹುಡುಗರನ್ನು ಹಿಡಿದು ಹಿಡಿದು ಪೋಲೀಸರು ಈಗಾಗಲೇ ಸುಸ್ತಾಗಿದ್ದಾರೆ. ಸರಿಯಾದ ಮೈದಾನ, ಸರಿಯಾದ ಅಂತರ, ತಿಳಿದವರ ಉಸ್ತುವಾರಿ ಇದ್ದರೆ ಆ ಹುಡುಗರಿಗೂ ಒಂದು ಒಳ್ಳೆಯ ದಾರಿಯಾಗುತ್ತದೆ. ಹಬ್ಬದ ವ್ಯಾಪಾರವೂ ಆಗುತ್ತದೆ. ಕಡಲೆಪುರಿಯವನಿಂದ ಹಿಡಿದು ಲಾಡ್ಜಿನವರ ತನಕ ನಾಲ್ಕು ಕಾಸು ಕಾಣುತ್ತಾರೆ.

ಚಂದಾ ಕೊಡುವವರು ಕೇಳಲಿ

ಈ ವಿಷಯದಲ್ಲಿ ಅಧಿಕಾರಿಗಳಿಗಿಂತ ಮೊದಲು ಮಾತಾಡಬಲ್ಲವರು ಪೇಟೆಯ ವರ್ತಕರು. ಸಂಘಟಕರು ರಸೀದಿ ಪುಸ್ತಕ ಹಿಡಿದು ಮೊದಲು ಬರುವುದು ಅವರ ಬಾಗಿಲಿಗೆ. "ಅಣ್ಣಾ, ಬ್ಯಾನರಲ್ಲಿ ನಿಮ್ಮ ಅಂಗಡಿ ಹೆಸ್ರು ದೊಡ್ಡದಾಗಿ ಹಾಕ್ತೀವಿ" ಎನ್ನುತ್ತಾರೆ. ಹೆಸರು ಹಾಕಿಸಿಕೊಳ್ಳುವ ಮೊದಲು ವರ್ತಕರು ನಾಲ್ಕು ಮಾತು ಕೇಳಲಿ. ಏನಾದರೂ ಆದ ದಿನ ಪತ್ರಿಕೆಗಳಲ್ಲಿ ಬರುವ ಚಿತ್ರದಲ್ಲಿ, ಹೆಣಗಳ ಹಿಂದೆ ನೇತಾಡುವುದು ಅದೇ ಬ್ಯಾನರು.

ಕೇಳಬೇಕಾದ್ದು ಕಷ್ಟದ ಪ್ರಶ್ನೆಗಳಲ್ಲ.

ಬ್ರೇಕು ಹಿಡಿಯದಿದ್ದರೆ ಗಾಡಿ ಎಲ್ಲಿಗೆ ಹೋಗುತ್ತದೆ? ಆ ದಿಕ್ಕಿನಲ್ಲಿ ಜನ ನಿಲ್ಲುತ್ತಾರೆಯೇ?

ಜನಕ್ಕೂ ಗಾಡಿಗೂ ನಡುವೆ ಇರುವುದು ಹಗ್ಗವೋ, ಗಾಡಿಯನ್ನು ನಿಜವಾಗಿ ತಡೆಯುವ ಗೋಡೆಯೋ? ಅಂತರವನ್ನು ಟೇಪು ಹಿಡಿದು ಅಳೆದವರು ಯಾರು, ಅವರ ಸಹಿ ಎಲ್ಲಿದೆ?

ಚಾಲಕನಿಗೆ ಈ ಗಾಡಿ ಓಡಿಸಿ ಅನುಭವವಿದೆಯೇ? ಗಾಡಿಯನ್ನು ಇವತ್ತು ಬೆಳಿಗ್ಗೆ ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?

ಆಟ ನಿಲ್ಲಿಸುವ ಹಕ್ಕು ಯಾರೊಬ್ಬರದು? ಅವರು ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುತ್ತ ಕೂತಿರುತ್ತಾರೋ, ಮೈದಾನದಲ್ಲಿ ನಿಂತಿರುತ್ತಾರೋ?

ಆಂಬುಲೆನ್ಸು ಒಳಗೆ ಬರಲು, ಹೊರಗೆ ಹೋಗಲು ಜನ ತುಂಬದ ಒಂದು ದಾರಿ ಇದೆಯೇ?

ವಿಸಿಲು ಕೊಟ್ಟು ಅಂಚಿಗೆ ನಿಲ್ಲಿಸುವ ಕಾಲೇಜು ಹುಡುಗರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂದು ಹೇಳಿಕೊಟ್ಟಿದ್ದಾರೆಯೇ? ದಿಯತಲಾವದಲ್ಲಿ ಸತ್ತವರಲ್ಲಿ ಅಂಥವರೂ ಇದ್ದರು.

ಪ್ರೇಕ್ಷಕರಿಗೂ ಕೆಲಸದವರಿಗೂ ವಿಮೆ ಮಾಡಿಸಿದ್ದಾರೆಯೇ? ಪಾಲಿಸಿಯ ಕಾಗದ ತೋರಿಸುತ್ತಾರೆಯೇ?

ಇವಕ್ಕೆ ಸಮಾಧಾನದ ಉತ್ತರ ಬಂದರೆ ಧಾರಾಳವಾಗಿ ಚಂದಾ ಕೊಡಲಿ. "ಏನೂ ಆಗಲ್ಲ ಬಿಡಣ್ಣ" ಎಂಬ ಉತ್ತರ ಬಂದರೆ ರಸೀದಿ ಪುಸ್ತಕವನ್ನು ಹಾಗೇ ವಾಪಸ್ಸು ಕೊಡಲಿ. ಹತ್ತು ಅಂಗಡಿಯವರು ಹೀಗೆ ಮಾಡಿದರೆ ಹನ್ನೊಂದನೆಯ ಅಂಗಡಿಗೆ ಬರುವಾಗ ಸಂಘಟಕರು ಟೇಪು ತಂದು ಮೈದಾನ ಅಳೆದಿರುತ್ತಾರೆ.

ಪೋಲೀಸು, ಕಂದಾಯ, ನಗರಸಭೆ, ಲೋಕೋಪಯೋಗಿ, ಅಗ್ನಿಶಾಮಕ, ಆರೋಗ್ಯ ಇಲಾಖೆಗಳವರು ತಮ್ಮ ತಮ್ಮ ಮೇಜಿನ ಮೇಲೆ ಒಂದೊಂದು ಸಹಿ ಹಾಕಿ ಕಾಗದವನ್ನು ಮುಂದಿನ ಮೇಜಿಗೆ ತಳ್ಳುವುದನ್ನು ಬಿಡಬೇಕು. ಆಟದ ಹಿಂದಿನ ದಿನ ಎಲ್ಲರೂ ಒಟ್ಟಿಗೆ ಮೈದಾನಕ್ಕೆ ಬಂದು, ಗಾಡಿಯನ್ನು ಒಂದು ಸಲ ಓಡಿಸಿ ನೋಡಿ, ಅಲ್ಲೇ ಸುಣ್ಣದ ಗೆರೆ ಎಳೆಸಿ, ಅಲ್ಲೇ ಸಹಿ ಹಾಕಲಿ. ಅರ್ಧ ದಿನದ ಕೆಲಸ. ಗೆರೆ ಸರಿಯಿಲ್ಲವೆಂದರೆ ಪರವಾನಗಿ ಇಲ್ಲ, ಮುಖ್ಯ ಅತಿಥಿ ಯಾರೇ ಆಗಿರಲಿ.

ಆಟ ನೋಡಲು ಹೋಗುವವರದೂ ಒಂದು ಪಾಲಿದೆ. ಹಾರುವ ದಿಬ್ಬದ ಎದುರು ನಿಲ್ಲಬಾರದು, ತಿರುವಿನ ಹೊರಗೆ ನಿಲ್ಲಬಾರದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಸಾಲಿಗೆ ನುಗ್ಗಬಾರದು. ಬದಿಯಲ್ಲಿ ಐವತ್ತು ಹೆಜ್ಜೆ ಹಿಂದೆ, ಎತ್ತರದ ಜಾಗ ನೋಡಿ ನಿಂತರೆ ಧೂಳೂ ಕಡಿಮೆ, ಆಟವೂ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಮಗುವಿನ ಕೈ ಹಿಡಿದುಕೊಂಡು ಏಳು ಗಂಟೆಯ ಬಸ್ಸಿಗೆ ಹೋಗಬಹುದು.